ಹಳದಿ ಮುಚ್ಚಳ, ಬಿಳಿ ಮುಚ್ಚಳ

ಜನವರಿ ೧೪

ಪ್ರೀತಿಯ ಮರಿ,

ಫೋನಿನಲ್ಲಿ ನಿನ್ನ ಜೊತೆ ಎರಡು ಮಾತು ಆಡುವಷ್ಟರಲ್ಲಿ ಅಮ್ಮ ಬಂದು ಪಕ್ಕದಲ್ಲಿ ಕೂರುತ್ತಾಳೆ. ಆಮೇಲೆ ನೀನು "ಹೂಂ, ಚೆನ್ನಾಗಿದೀನಿ" ಬಿಟ್ಟು ಬೇರೇನೂ ಹೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನೀನೂ ಬರೆದೇ ತಿಳಿಸು.

ವಿಷಯ ಇಷ್ಟು. ನಮ್ಮ ಚರ್ಮ ವಿಭಾಗದಲ್ಲಿ ಒಂದು ಹೊಸ ಮುಲಾಮಿನ ಪರೀಕ್ಷೆ ಶುರುವಾಗುತ್ತಿದೆ, ನಿನಗಿರುವಂಥ ಕಲೆಗೇ. ಅದರ ನರ್ಸ್ ಆಗಿ ನನ್ನನ್ನೇ ಹಾಕಿದ್ದಾರೆ. ನಿನ್ನ ಪಾರ್ಲರಿನಲ್ಲಿ ಕಾದ ವ್ಯಾಕ್ಸ್ ಡಬ್ಬಿ ಜಾರಿ ಬಿದ್ದಾಗ ಕಿವಿಯ ಕೆಳಗಿನಿಂದ ಗಂಟಲ ಗುಳಿಯವರೆಗೆ ಸುಟ್ಟದ್ದು ಒಂದು ಬೆರಳಗಲ. ಈಗ ಉಬ್ಬಿ ನಿಂತಿರುವುದು ಮೂರು ಬೆರಳಗಲ. ಅಲ್ಲಿಯ ಡಾಕ್ಟರು ಕೊಯ್ದು ತೆಗೆದರೂ ಮೊದಲಿಗಿಂತ ದಪ್ಪವಾಗಿ ಬಂತು. ಅದು ನಿನ್ನ ಹಣೆಬರಹ ಅಲ್ಲ. ಅಮ್ಮ ಹೇಳುವ ಹಾಗೆ ನಿನ್ನ ರಕ್ತ ಕೆಟ್ಟಿದ್ದೂ ಅಲ್ಲ. ಗಾಯವಾದಾಗ ಅದನ್ನು ಕಾಯಲು ರಕ್ತದಿಂದ ಕೆಲವು ಕಣಗಳು ಓಡಿ ಬರುತ್ತವೆ. ಚರ್ಮ ಕಟ್ಟುವ ಕಣಗಳಿಗೆ "ಕಟ್ಟಿ, ಕಟ್ಟಿ" ಎಂದು ಅಪ್ಪಣೆ ಕೊಡುತ್ತವೆ. ಗಾಯ ಮಾಯ್ದ ಮೇಲೆ ಅವು ಹೊರಟುಹೋಗಬೇಕು. ಕೆಲವರ ಮೈಯಲ್ಲಿ ಹೋಗುವುದಿಲ್ಲ, ಊಟ ಮುಗಿದರೂ ಏಳದ ನೆಂಟರ ಹಾಗೆ ಅಲ್ಲೇ ಕೂತು ಅಪ್ಪಣೆ ಕೊಡುತ್ತಲೇ ಇರುತ್ತವೆ. ಈ ಮುಲಾಮು ಹಚ್ಚಿದ ಜಾಗದಲ್ಲಿ ಮಾತ್ರ ಅವುಗಳನ್ನು ಸುಮ್ಮನಾಗಿಸುತ್ತದೆ. ಎಲ್ಲರಿಗೂ ಗುಣವಾಗಿಯೇ ತೀರುತ್ತದೆ ಎನ್ನಲಾರೆ. ಅದನ್ನು ತಿಳಿಯುವುದಕ್ಕೇ ಪರೀಕ್ಷೆ.

ಇಲ್ಲಿ ಮೊದಲು ಗಂಟನ್ನು ಕೊಯ್ದು ತೆಗೆಯುತ್ತಾರೆ. ಹೊಲಿಗೆ ಬಿಚ್ಚಿದ ಮೇಲೆ ಎರಡು ಟ್ಯೂಬು ಕೊಡುತ್ತಾರೆ. ಒಂದರಲ್ಲಿ ಔಷಧಿ, ಇನ್ನೊಂದರಲ್ಲಿ ಔಷಧಿಯಿಲ್ಲದ ಬರೀ ಜಿಡ್ಡು. ಅರ್ಧ ಗಾಯಕ್ಕೆ ಅದು, ಅರ್ಧಕ್ಕೆ ಇದು. ಯಾವುದರಲ್ಲಿ ಏನಿದೆ ಎಂದು ನಿನಗೂ ಗೊತ್ತಿರುವುದಿಲ್ಲ, ನನಗೂ ಗೊತ್ತಿರುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಎಲ್ಲರಿಗೂ ನಿಜವಾದ ಔಷಧಿಯೇ ಸಿಗುತ್ತದೆ.

ನಿನ್ನನ್ನು ಸೇರಿಸಿಕೊಳ್ಳಲು ದೊಡ್ಡ ಡಾಕ್ಟರು ಮೊದಲು ಒಪ್ಪಲಿಲ್ಲ. "ಮನೆಯವರು ಅಂದ್ರೆ ಸಲಿಗೆ ಜಾಸ್ತಿ, ಹೇಳಿದ ಹಾಗೆ ಕೇಳಲ್ಲ" ಎಂದರು. "ನನ್ನ ತಂಗಿ ಗೆರೆ ದಾಟೋಳಲ್ಲ ಸಾರ್" ಎಂದೆ. ಬೇಗ ಉತ್ತರ ಬರಿ.

ನಿನ್ನ ಅಕ್ಕ


ಜನವರಿ ೨೭

ಪ್ರೀತಿಯ ಅಕ್ಕ,

ನಿನ್ನ ಪತ್ರವನ್ನು ಪಾರ್ಲರಿನ ಟವಲ್ ಕಪಾಟಿನ ಹಿಂದೆ ನಿಂತು ಓದಿದೆ. ಊಟವಾದರೂ ಏಳದ ನೆಂಟರು ಎಂದಾಗ ನಗು ಬಂತು. ನನ್ನ ಕತ್ತಿನಲ್ಲಿ ಕೂತವರು ಹಾಸಿಗೆಯನ್ನೂ ಹಾಸಿಕೊಂಡಿದ್ದಾರೆ.

ಬರುತ್ತೇನೆ. ಯಜಮಾನಿ ರಜೆ ಕೊಟ್ಟರು, ಬಹಳ ಒಳ್ಳೆಯವರು. ಕೆಲಸದಲ್ಲಿ ಏನೂ ತೊಂದರೆಯಿಲ್ಲ. ಕಿಟಕಿ ಪಕ್ಕದ ನನ್ನ ಕುರ್ಚಿ ನನಗೇ ಇದೆ. ಗಿರಾಕಿಗಳೂ ನನ್ನ ಕತ್ತನ್ನು ನೋಡಿ ನೋಡಿ ಅಭ್ಯಾಸ ಮಾಡಿಕೊಂಡಿದ್ದಾರೆ. ನೀನು ಆ ಬಗ್ಗೆ ಚಿಂತೆ ಮಾಡಬೇಡ.

ನನಗೆ ರೂಪದ ಚಿಂತೆಯಿಲ್ಲ ಅಕ್ಕ, ತುರಿಕೆಯದ್ದೇ ಚಿಂತೆ. ಕತ್ತರಿ ಹಿಡಿದ ಕೈ ಅರ್ಧದಲ್ಲಿ ಅಲ್ಲಿಗೆ ಹೋಗಿಬಿಡುತ್ತದೆ. ಮಲಗಿದರೆ ಒಳಗಿನಿಂದ ಸೂಜಿ ಚುಚ್ಚಿದ ಹಾಗೆ. ಅದು ನಿಂತರೆ ಸಾಕು.

ನಮ್ಮ ಊರಿನಿಂದ ಇನ್ನೊಬ್ಬರೂ ಬರುತ್ತಾರಂತಲ್ಲ, ಬಸ್ ಕಂಡಕ್ಟರ್ ಹೆಂಗಸು. ಯಾರೋ ಕತ್ತಿನ ಸರ ಕಿತ್ತುಕೊಂಡು ಓಡಿದಾಗ ಆದ ಗಾಯವಂತೆ. ಅವರ ಜೊತೆಗೇ ಬರುತ್ತೇನೆ. "ಅಕ್ಕ ಹೇಳಿದ್ಮೇಲೆ ಇನ್ನೇನು ಯೋಚನೆ, ಕಣ್ಣು ಮುಚ್ಕೊಂಡು ಹೋಗು" ಎಂದಳು ಅಮ್ಮ.

ನಿನ್ನ ಮರಿ


ಮಾರ್ಚ್ ೫

ಪ್ರೀತಿಯ ಮರಿ,

ಹೊಲಿಗೆ ಚೆನ್ನಾಗಿ ಕೂಡಿದೆಯೆಂದು ನಿಮ್ಮೂರಿನ ಡಾಕ್ಟರು ಬರೆದಿದ್ದಾರೆ. ಈ ಪೊಟ್ಟಣದಲ್ಲಿ ಟ್ಯೂಬುಗಳಿವೆ. ಹಳದಿ ಮುಚ್ಚಳದ್ದು ಕಿವಿಯ ಕಡೆಯ ಅರ್ಧಕ್ಕೆ, ಬಿಳಿ ಮುಚ್ಚಳದ್ದು ಗಂಟಲ ಕಡೆಯ ಅರ್ಧಕ್ಕೆ. ಯಾವುದು ಯಾವ ಕಡೆಗೆ ಎಂಬುದನ್ನು ನಾವು ಆರಿಸಿದ್ದಲ್ಲ, ಚೀಟಿ ಎತ್ತಿದ ಹಾಗೆ ಬಂದದ್ದು. ಬೆಳಿಗ್ಗೆ, ಸಂಜೆ ತೆಳ್ಳಗೆ ಹಚ್ಚು. ಒಂದನ್ನು ಮುಟ್ಟಿದ ಬೆರಳನ್ನು ಸೋಪಿನಲ್ಲಿ ತೊಳೆಯದೆ ಇನ್ನೊಂದಕ್ಕೆ ಮುಟ್ಟಿಸಬೇಡ. ಬಿಸಿಲು ಬೀಳದಂತೆ ನೋಡಿಕೋ. ತಿಂಗಳಿಗೊಮ್ಮೆ ಫೋಟೋ ತೆಗೆಸಿ ಕಳಿಸು. ಖಾಲಿಯಾದ ಟ್ಯೂಬನ್ನೂ ಎಸೆಯಬೇಡ. ನಾವು ಎಲ್ಲವನ್ನೂ ತೂಗಿ ನೋಡುತ್ತೇವೆ.

ನೀನು ಇಲ್ಲಿದ್ದಾಗ ನಿನ್ನ ಹತ್ತಿರ ಕೂತು ಮಾತಾಡಲು ಆಗಲಿಲ್ಲ. ವಾರ್ಡಿನ ತುಂಬ ಜನ, ತಂಗಿಗೊಂದು ಕಣ್ಣು ಉಳಿದವರಿಗೊಂದು ಕಣ್ಣು ಎನಿಸಿಕೊಳ್ಳಬಾರದಲ್ಲ.

ನಿನ್ನ ಅಕ್ಕ


ಏಪ್ರಿಲ್ ೨೦

ಪ್ರೀತಿಯ ಅಕ್ಕ,

ಫೋಟೋ ಇಟ್ಟಿದ್ದೇನೆ. ಕತ್ತು ಎತ್ತಿ ಎಂದು ಸ್ಟುಡಿಯೋದವನು ಹೇಳಿದಾಗ ಕಸಾಯಿಖಾನೆ ನೆನಪಾಯಿತು.

ಕೇಳು, ನನಗೆ ಗುಟ್ಟು ಗೊತ್ತಾಗಿಹೋಗಿದೆ. ಬಿಳಿಯದೇ ಔಷಧಿ. ಹಚ್ಚಿದರೆ ತಣ್ಣಗೆ, ಹಾಯಾಗಿರುತ್ತದೆ. ಹಳದಿಯದು ಮೆಣಸಿನಕಾಯಿ ಉಜ್ಜಿದ ಹಾಗೆ ಉರಿಯುತ್ತದೆ, ಕಿವಿಯ ಕೆಳಗೆಲ್ಲ ಕೆಂಪು. ಮೊನ್ನೆ ಒಬ್ಬ ಗಿರಾಕಿ "ಏನಮ್ಮಾ, ಯಾರಾದ್ರೂ ಹೊಡೆದ್ರಾ?" ಎಂದು ಕೇಳಿಯೇಬಿಟ್ಟಳು. ಹಳದಿಯನ್ನು ನಿಲ್ಲಿಸಿಬಿಡಲೇ? ಸುಮ್ಮನೆ ಕಿವಿ ಯಾಕೆ ಉರಿಸಿಕೊಳ್ಳಬೇಕು?

ನಿನ್ನ ಮರಿ


ಮೇ ೨

ಪ್ರೀತಿಯ ಮರಿ,

ನಿಲ್ಲಿಸಬೇಡ. ಯಾವುದು ಏನೆಂದು ಊಹೆ ಮಾಡುವುದು ನಿನ್ನ ಕೆಲಸವಲ್ಲ, ನನ್ನದೂ ಅಲ್ಲ. ಉರಿದದ್ದೆಲ್ಲ ಕೆಟ್ಟದ್ದಲ್ಲ, ತಣ್ಣಗಿರುವುದೆಲ್ಲ ಒಳ್ಳೆಯದೂ ಅಲ್ಲ ಎಂದಷ್ಟೇ ಹೇಳಬಲ್ಲೆ. ಬೊಕ್ಕೆ ಎದ್ದರೆ, ನೀರು ಸೋರಿದರೆ ತಕ್ಷಣ ಡಾಕ್ಟರಿಗೆ ತೋರಿಸು. ಬರೀ ಕೆಂಪಾದರೆ ತಡೆದುಕೋ.

ನೀನು ಗೆಲುವಾಗಿರುವುದು ಪತ್ರದಲ್ಲೇ ಕಾಣುತ್ತದೆ. ಸಂತೋಷ.

ನಿನ್ನ ಅಕ್ಕ


ಜುಲೈ ೧೮

ಅಕ್ಕಾ,

ನಾನು ದಡ್ಡಿ. ಪೂರ್ತಿ ಉಲ್ಟಾ ತಿಳಿದಿದ್ದೆ. ಈಗ ಕುರುಡರಿಗೂ ಕಾಣುವಷ್ಟು ಸ್ಪಷ್ಟವಾಗಿದೆ. ಕಿವಿಯ ಕಡೆ, ಹಳದಿ ಹಚ್ಚಿದ ಅರ್ಧ, ಕಾಗದದ ಹಾಗೆ ಸಪಾಟಾಗಿದೆ. ಬೆರಳಾಡಿಸಿದರೆ ಗಾಯ ಎಲ್ಲಿ ಶುರು ಎಂದೇ ಗೊತ್ತಾಗುವುದಿಲ್ಲ, ತುರಿಕೆಯೂ ಇಲ್ಲ. ಗಂಟಲ ಕಡೆಯದು ಎದ್ದು ಬರುತ್ತಿದೆ. ಮೊದಲು ದಾರದ ಹಾಗಿತ್ತು, ಈಗ ಹಗ್ಗ. ಕೆಂಪಗೆ ಮಿರಿಮಿರಿ ಮಿಂಚುತ್ತದೆ, ನುಂಗಿದರೆ ಎಳೆಯುತ್ತದೆ. ಚೀಟಿ ಎತ್ತಿದವರ ಕೈಗೆ ಏನು ಹೇಳಲಿ? ಕಿವಿಯ ಕಡೆಯದನ್ನು ಕೂದಲು ಬಿಟ್ಟರೆ ಮುಚ್ಚಿಕೊಳ್ಳಬಹುದಿತ್ತು. ಗಂಟಲನ್ನು ಎಲ್ಲಿಗೆ ಒಯ್ಯಲಿ?

ಒಂದು ವಿಷಯ ನಿನಗೆ ಹೇಳಿರಲಿಲ್ಲ. ಕಿಟಕಿಯ ಕುರ್ಚಿ ನನ್ನಿಂದ ಹೋಗಿ ಬಹಳ ಕಾಲವಾಯಿತು. ನಾನು ನಿನ್ನ ಹತ್ತಿರ ಬರುವ ಮೊದಲೇ ಹೋಗಿತ್ತು. "ಗಿರಾಕಿಗಳು ಕನ್ನಡಿಲಿ ತಮ್ಮ ಮುಖ ನೋಡ್ಬೇಕೋ, ನಿನ್ನ ಕತ್ತು ನೋಡ್ಬೇಕೋ?" ಎಂದು ಯಜಮಾನಿ ನನ್ನನ್ನು ಹಿಂದಿನ ಕೋಣೆಗೆ, ತಲೆ ತೊಳೆಯುವ ಬೇಸಿನ್ನಿಗೆ ಹಾಕಿದರು. ಯಾರ ಕಣ್ಣಿಗೂ ಬೀಳಬಾರದೆಂದು ಅಲ್ಲಿಗೆ ಹಾಕಿದ್ದು. ಆದರೆ ಬೇಸಿನ್ನಿನಲ್ಲಿ ತಲೆ ಇಟ್ಟು ಅಂಗಾತ ಮಲಗಿದವರಿಗೆ ಮೇಲೆ ಕಾಣುವುದು ಇನ್ನೇನು? ನನ್ನ ಗಂಟಲೇ. ಕಣ್ಣು ಬಿಟ್ಟರೆ ಅದೇ. ಒಬ್ಬಾಕೆ ಶಾಂಪೂ ತೊಳೆಯುವ ಮೊದಲೇ ಎದ್ದು ಕೂತಳು. "ಅದು ಅಂಟುತ್ತಾ?" ಎಂದು ನನ್ನನ್ನು ಕೇಳಲಿಲ್ಲ, ಯಜಮಾನಿಯನ್ನು ಕೇಳಿದಳು. ಈಗ ಸ್ಕಾರ್ಫ್ ಕಟ್ಟಿಕೊಳ್ಳಬೇಕೆಂದು ಅಪ್ಪಣೆಯಾಗಿದೆ. ಆವಿಯಲ್ಲಿ ಬಟ್ಟೆ ಒದ್ದೆಯಾಗಿ ಉಜ್ಜಿ ಉಜ್ಜಿ ಸಂಜೆಗೆ ಗಂಟಲು ಬೇಯುತ್ತದೆ.

ಒಂದೇ ಕೇಳುತ್ತೇನೆ. ಹಳದಿಯನ್ನು ಎರಡೂ ಕಡೆ ಹಚ್ಚಲೇ? ಇನ್ನೂ ಗಂಟು ಎಳೆಯದು, ಈಗ ಹಚ್ಚಿದರೆ ನಿಂತೀತು. ನೀನು ಹೂಂ ಅಂದರೆ ಸಾಕು, ಬರೆದು ತಿಳಿಸುವುದೂ ಬೇಡ. ಫೋನು ಮಾಡಿ ಅಮ್ಮನ ಹತ್ತಿರ "ಮರಿಗೆ ಕೇಳ್ದೆ ಅಂತ ಹೇಳು" ಎನ್ನು, ನನಗೆ ತಿಳಿಯುತ್ತದೆ.

ನಿನ್ನ ಮರಿ


ಜುಲೈ ೩೦

ಪ್ರೀತಿಯ ಮರಿ,

ಫೋನು ಮಾಡಲಿಲ್ಲ, ಯಾಕೆಂದು ನಿನಗೆ ತಿಳಿದಿರಬೇಕು.

ಆಗುವುದಿಲ್ಲ. ಎರಡೂ ಕಡೆ ಹಚ್ಚಿದರೆ ಔಷಧಿಯಿಂದ ಗುಣವಾಯಿತೋ ತಾನಾಗಿಯೇ ಆಯಿತೋ ಎಂದು ಯಾರು ಹೇಳಬಲ್ಲರು? ಇಂಥ ಗಂಟು ಹೊತ್ತವರು ಎಷ್ಟೋ ಮಂದಿ ಇದ್ದಾರೆ. ಈ ಲೆಕ್ಕ ಸರಿಯಾದರೆ ಅವರೆಲ್ಲರಿಗೂ ಮುಲಾಮು ಸಿಗುತ್ತದೆ. ನಿನ್ನೊಬ್ಬಳ ಬೆರಳು ತಪ್ಪಿದರೆ ಅಷ್ಟು ಜನರ ಕೆಲಸ ಕೆಡುತ್ತದೆ.

ನಿನ್ನ ಜೊತೆ ಬಂದಿದ್ದ ಕಂಡಕ್ಟರ್ ಅದೇ ಮಾಡಿದಳು. ಅವಳ ಹಳದಿ ಟ್ಯೂಬಿನ ತೂಕ ಲೆಕ್ಕಕ್ಕೆ ಹೊಂದಲಿಲ್ಲ. ಕೇಳಿದರೆ "ಹೌದು, ಹಚ್ಕೊಂಡೆ, ಏನೀಗ?" ಎಂದಳು. ಪರೀಕ್ಷೆಯಿಂದ ತೆಗೆದುಹಾಕಿದೆವು. ದೊಡ್ಡ ಡಾಕ್ಟರು ನನ್ನ ಮುಖ ನೋಡಿ "ಇನ್ನೊಬ್ರು ಹೇಗೆ, ನಿಮ್ಮ ತಂಗಿ?" ಎಂದರು. ನಾನು ತಲೆಯೆತ್ತಿ ಉತ್ತರ ಕೊಟ್ಟೆ. ನನ್ನನ್ನು ತಲೆತಗ್ಗಿಸುವ ಹಾಗೆ ಮಾಡಬೇಡ.

ಕೆಲವೇ ತಿಂಗಳು. ಮುಗಿದ ಕೂಡಲೇ ನಿಜವಾದ ಔಷಧಿಯ ಮೊದಲ ಟ್ಯೂಬು ನಿನಗೇ. ಇದು ನನ್ನ ಮಾತು.

ಕುರ್ಚಿಯ ವಿಷಯ ಓದಿ ಬೇಜಾರಾಯಿತು. ಆದರೆ ಕೆಲಸವಂತೂ ಇದೆಯಲ್ಲ, ಅದು ದೊಡ್ಡದು.

ನಿನ್ನ ಅಕ್ಕ


ಆಗಸ್ಟ್ ೯

ಅಕ್ಕ,

ಸರಿ. ಹಚ್ಚುವುದಿಲ್ಲ.

ಅಮ್ಮನಿಗೆ ಹೇಳಿದೆ. "ನಿನಗಿರೋದು ಒಂದು ಗಂಟು, ಅವಳಿಗಿರೋದು ಒಂದು ಹೆಸರು. ಅದಕ್ಕೆ ಕಲ್ಲು ಹಾಕ್ಬೇಡ" ಎಂದಳು.

ಮರಿ


ನವೆಂಬರ್ ೧೧

ಪ್ರೀತಿಯ ಮರಿ,

ಸಿಹಿ ಸುದ್ದಿ! ಪರೀಕ್ಷೆ ಮುಗಿಯಿತು. ಫಲಿತಾಂಶ ನಾವು ನೆನೆಸಿದ್ದಕ್ಕಿಂತ ಚೆನ್ನಾಗಿ ಬಂದಿದೆ. ಔಷಧಿ ಹಚ್ಚಿದ ಕಡೆ ಬಹಳ ಮಂದಿಗೆ ಗಂಟು ಮರಳಿ ಬಂದೇ ಇಲ್ಲ. ದೊಡ್ಡ ಡಾಕ್ಟರು ಡಾಕ್ಟರುಗಳ ಸಮ್ಮೇಳನದಲ್ಲಿ ಇದನ್ನು ಓದಿದರು, ನನ್ನನ್ನೂ ಕರೆದುಕೊಂಡು ಹೋಗಿದ್ದರು. ಮರಿ, ಆ ದೊಡ್ಡ ಸಭಾಂಗಣದಲ್ಲಿ, ಗೋಡೆಯಷ್ಟು ಎತ್ತರದ ಪರದೆಯ ಮೇಲೆ ಎಲ್ಲಕ್ಕಿಂತ ಮೊದಲು ಬಂದ ಫೋಟೋ ಯಾರದು ಗೊತ್ತೇ? ನಿನ್ನದು! ಕಣ್ಣಿಗೆ ಕಪ್ಪು ಪಟ್ಟಿ ಹಾಕಿದ್ದರು, ಗುರುತು ಸಿಗುವುದಿಲ್ಲ. ಅರ್ಧ ಸಪಾಟು, ಅರ್ಧ ಉಬ್ಬು, ನಡುವೆ ಗೆರೆ ಎಳೆದ ಹಾಗೆ. "ಇದಕ್ಕಿಂತ ಚೊಕ್ಕ ಪುರಾವೆ ಬೇಕೇ?" ಎಂದರು ಡಾಕ್ಟರು. ಜನ ಚಪ್ಪಾಳೆ ತಟ್ಟಿದರು. ನನಗೆ ಅಳುವೇ ಬಂತು.

ನನ್ನನ್ನು ಪರೀಕ್ಷೆಗಳ ಮೇಲ್ವಿಚಾರಕಿ ಮಾಡಿದ್ದಾರೆ. ಅಮ್ಮನಿಗೆ ನೀನೇ ಹೇಳು.

ಉಳಿದ ಟ್ಯೂಬುಗಳನ್ನೆಲ್ಲ, ಅರ್ಧ ಇರುವುದನ್ನೂ, ಕೂಡಲೇ ವಾಪಸು ಕಳಿಸು. ಹೊಸ ಟ್ಯೂಬು ಬರುವುದು ಸ್ವಲ್ಪ ತಡವಾಗಬಹುದು.

ನಿನ್ನ ಅಕ್ಕ


ನವೆಂಬರ್ ೨೯

ಅಕ್ಕ,

ಟ್ಯೂಬುಗಳು ಈ ಪೊಟ್ಟಣದಲ್ಲಿವೆ. ಹಳದಿಯದು ಒಂದು ಇನ್ನೂ ಅರ್ಧಕ್ಕಿಂತ ಹೆಚ್ಚಿದೆ. ಪೊಟ್ಟಣ ಕಟ್ಟುವ ಮೊದಲು ಮುಚ್ಚಳ ತೆಗೆದೆ, ಮತ್ತೆ ಹಾಕಿದೆ. ತೂಗಿ ನೋಡು, ಸರಿಯಾಗಿರುತ್ತದೆ.

ಅಮ್ಮನಿಗೆ ಹೇಳಿದೆ. ನೆರೆಯವರನ್ನೆಲ್ಲ ಕರೆದು ಹೇಳಿ ಬಂದಳು. "ನಿನ್ನ ಫೋಟೋನೂ ಬಂತಂತಲ್ಲೇ" ಎಂದು ನನ್ನ ಬೆನ್ನನ್ನೂ ತಟ್ಟಿದಳು.

ಜನ ಚಪ್ಪಾಳೆ ತಟ್ಟಿದ್ದು ಯಾವ ಅರ್ಧಕ್ಕೆ?

ನನ್ನನ್ನು ಕೇಳಿ ತೋರಿಸಬೇಕಿತ್ತು ಎಂದು ನಾನು ಹೇಳುವುದಿಲ್ಲ. ಸಹಿ ಹಾಕುವಾಗ ಎಲ್ಲಕ್ಕೂ ಹೂಂ ಎಂದವಳು ನಾನೇ. ಆದರೆ ಪಾರ್ಲರಿನಲ್ಲಿ ನನ್ನ ಕತ್ತು ಯಾರಿಗೂ ಕಾಣಬಾರದು, ಅಲ್ಲಿ ಗೋಡೆಯಷ್ಟು ಕಾಣಬೇಕು. ಇಲ್ಲಿ ಕತ್ತಿಗೆ ಬಟ್ಟೆ, ಅಲ್ಲಿ ಕಣ್ಣಿಗೆ ಪಟ್ಟಿ, ಎರಡೂ ನನಗೇ.

ಬೇಸಿನ್ನಿನಿಂದಲೂ ತೆಗೆದರು. ಈಗ ಟವಲ್ ಒಗೆಯುವುದು, ನೆಲದ ಕೂದಲು ಗುಡಿಸುವುದು. ಇಷ್ಟು ವರ್ಷ ಕತ್ತರಿ ಹಿಡಿದ ಕೈಗೆ ಪೊರಕೆ. ನನ್ನಿಂದ ಕೆಲಸ ಕಲಿತ ಹುಡುಗಿ ಕಿಟಕಿಯ ಹತ್ತಿರ ನಿಂತು "ಅಕ್ಕಾ, ಇಲ್ಲಿ ಸ್ವಲ್ಪ ಗುಡಿಸ್ತೀರಾ?" ಎನ್ನುತ್ತಾಳೆ. ಪಾಪ, ಮರ್ಯಾದೆಯಿಂದಲೇ ಹೇಳುತ್ತಾಳೆ.

ಹೊಸ ಟ್ಯೂಬು ಯಾವಾಗ? ದಿನ ಬರಿ. "ಸ್ವಲ್ಪ ತಡ" ಎಂದು ಬರೆಯಬೇಡ.

ಮರಿ


ಫೆಬ್ರವರಿ ೩

ಅಕ್ಕ,

ನಿನ್ನಿಂದ ಉತ್ತರವಿಲ್ಲ. ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡುತ್ತೀಯ, ನಾನು ಬಂದರೆ "ಡ್ಯೂಟಿಗೆ ಹೊತ್ತಾಯಿತು" ಎನ್ನುತ್ತೀಯ.

ಮೊನ್ನೆ ಬಸ್ಸಿನಲ್ಲಿ ಆ ಕಂಡಕ್ಟರಮ್ಮ ಸಿಕ್ಕಿದರು. ಟಿಕೆಟ್ ಕೊಡಲು ಬಂದವರು ನನ್ನ ಸ್ಕಾರ್ಫ್ ನೋಡಿ ನಿಂತರು. ಅವರು ಸ್ಕಾರ್ಫ್ ಕಟ್ಟಿರಲಿಲ್ಲ. ಕತ್ತಿನ ಸುತ್ತ ಎಳೆಯಷ್ಟು ತಿಳಿ ಗೆರೆ ಬಿಟ್ಟರೆ ಏನೂ ಇಲ್ಲ.

"ಏನ್ರೀ, ನೀವು ಹಚ್ಕೊಳ್ಳಲಿಲ್ವಾ?" ಎಂದರು.

"ಹಚ್ಕೊಂಡೆ, ಅರ್ಧಕ್ಕೆ" ಎಂದೆ.

"ಅಯ್ಯೋ ನಿಮ್ಮ! ನಾನು ಎರಡನೇ ತಿಂಗಳಲ್ಲೇ ಬಿಳಿಯದನ್ನ ಕಾಲಿನ ಒಡಕಿಗೆ ಹಚ್ಚಿ ಮುಗಿಸಿದೆ. ಹಳದಿನ ಕತ್ತಿಗೆ ಪೂರ್ತಿ ಬಳಕೊಂಡೆ. ನಿಮ್ಮಕ್ಕ ಬೈದ್ರು ನೋಡಿ, ಬೈಗುಳ ಅಂದ್ರೆ ಬೈಗುಳ. ಕಳ್ಳಿನ ನೋಡಿದ ಹಾಗೆ ನೋಡಿದ್ರು. ಬೈಗುಳ ಕತ್ತಿಗೆ ಅಂಟುತ್ತಾ? ಕೆಲಸದ ಮೇಲೆ ನಿಂತ್ಕೊಂಡಿದೀನಿ, ಸಾಕು."

ಆಮೇಲೆ ದನಿ ತಗ್ಗಿಸಿದರು. "ನೀವು ನರ್ಸಮ್ಮನ ತಂಗಿ ಅಲ್ವಾ? ನಿಮಗೆ ಮನೆಗೇ ಡಬ್ಬಿಗಟ್ಟಲೆ ಬಂದಿರುತ್ತೆ ಅಂದ್ಕೊಂಡಿದ್ದೆ ನಾನು."

ಇಳಿಯುವ ಸ್ಟಾಪ್ ಬರುವವರೆಗೆ ನಾನು ಕಿಟಕಿ ನೋಡುತ್ತ ಕೂತೆ. ಗೆರೆ ದಾಟಿದವಳ ಕತ್ತು ನೆಟ್ಟಗಿದೆ. ದಾಟದವಳ ಕತ್ತು ಡಾಕ್ಟರುಗಳಿಗೆ ಪುರಾವೆ.

ಇದನ್ನು ಅಮ್ಮನಿಗೆ ಹೇಳಿದೆ. "ಆ ಹೆಂಗಸಿನ ಜೊತೆ ನಿನ್ನನ್ನ ಹೋಲಿಸ್ಕೋತೀಯಾ?" ಎಂದು ನನಗೇ ಬೈದಳು.

ಟ್ಯೂಬು ಯಾವಾಗ ಅಕ್ಕ?

ಮರಿ


ಫೆಬ್ರವರಿ ೨೦

ಪ್ರೀತಿಯ ಮರಿ,

ನಿನ್ನ ಪತ್ರ ಓದಿ ಎರಡು ರಾತ್ರಿ ನಿದ್ದೆಯಿಲ್ಲ. ನೀನು ನನ್ನನ್ನು ಹೀಗೆಲ್ಲ ಹಂಗಿಸುತ್ತೀಯ ಎಂದುಕೊಂಡಿರಲಿಲ್ಲ.

ಇರುವುದನ್ನು ಇದ್ದ ಹಾಗೆ ಹೇಳುತ್ತೇನೆ. ಮುಲಾಮಿನ ಕಂಪನಿಯವರು ಕೈ ಎತ್ತಿದ್ದಾರೆ. ಮಾರಾಟಕ್ಕೆ ಪರವಾನಗಿ ಸಿಗುವವರೆಗೆ ಪರೀಕ್ಷೆಯ ಹೊರಗೆ ಯಾರಿಗೂ ಒಂದು ಟ್ಯೂಬೂ ಕೊಡುವುದಿಲ್ಲವಂತೆ. ಅದಕ್ಕೆ ವರ್ಷಗಳೇ ಹಿಡಿಯಬಹುದು. ಜುಲೈನಲ್ಲೇ ಇದರ ಸುಳಿವು ಸಿಕ್ಕಿತ್ತು. ನೀನು ಎದೆಗುಂದುತ್ತೀಯ ಎಂದು ಬರೆಯಲಿಲ್ಲ. ಆಮೇಲಾದರೂ ಮನಸ್ಸು ಬದಲಿಸುತ್ತಾರೆ ಎಂಬ ಆಸೆಯೂ ಇತ್ತು. ವಾಪಸು ಬಂದ ಟ್ಯೂಬುಗಳನ್ನು ನಿಯಮದಂತೆ ಸುಟ್ಟೆವು. ನಾನೇ ನಿಂತು ಸುಡಿಸಿದೆ. ಒಂದನ್ನು ಎತ್ತಿಟ್ಟುಕೊಳ್ಳಬಹುದಿತ್ತು ಎಂದು ನೀನು ಅನ್ನಬಹುದು. ಅಂಥವಳಾಗಿದ್ದರೆ ಈ ಜಾಗದಲ್ಲಿ ನಾನು ಇರುತ್ತಿರಲಿಲ್ಲ.

ಆದರೆ ದಾರಿ ಮುಚ್ಚಿಲ್ಲ. ಎರಡನೆಯ ಪರೀಕ್ಷೆ ಏಪ್ರಿಲಿನಲ್ಲಿ ಶುರು. ಈ ಸಲ ತೆಗೆದ ಮೇಲೂ ಗಂಟು ಮತ್ತೆ ಮತ್ತೆ ಬಂದವರೇ ಬೇಕು, ಅಂದರೆ ನಿನ್ನಂಥವರೇ. ದೊಡ್ಡ ಡಾಕ್ಟರು ತಾವಾಗಿಯೇ "ನಿಮ್ಮ ತಂಗಿ ಬರ್ತಾರಾ? ಅಷ್ಟು ನಂಬಿಕಸ್ತರು ಸಿಗೋದು ಕಷ್ಟ" ಎಂದು ಕೇಳಿದರು. ಗಂಟಲ ಕಡೆಯದನ್ನು ಮತ್ತೆ ಕೊಯ್ದು ತೆಗೆಯುತ್ತಾರೆ. ಮತ್ತೆ ಎರಡು ಟ್ಯೂಬು, ಅರ್ಧಕ್ಕೆ ಅದು, ಅರ್ಧಕ್ಕೆ ಇದು. ಈ ಸಲ ಅದೃಷ್ಟ ನಿನ್ನ ಕಡೆಗಿರಬಹುದು.

ನನ್ನ ಮನೆಯಲ್ಲೇ ಉಳಿದುಕೋ. ಈಗ ಎರಡು ಕೋಣೆಯ ಮನೆ ಕೊಟ್ಟಿದ್ದಾರೆ. ಕೂತು ಮಾತಾಡೋಣ.

ನಿನ್ನ ಅಕ್ಕ


ಮಾರ್ಚ್ ೧೨

ಸಿಸ್ಟರ್ ಅವರಿಗೆ,

ಆಸ್ಪತ್ರೆಯಲ್ಲಿ ಎಲ್ಲರೂ ನಿಮ್ಮನ್ನು ಹೀಗೇ ಕರೆಯುತ್ತಾರೆ. ಇನ್ನು ಮೇಲೆ ನಾನೂ ಹೀಗೇ ಕರೆಯುತ್ತೇನೆ. ಅಕ್ಕನಿಗೆ ಬರೆಯಬೇಕಾದದ್ದೆಲ್ಲ ಬರೆದಾಗಿದೆ.

ಏಪ್ರಿಲಿನಲ್ಲಿ ಬರುತ್ತೇನೆ. ಸಿಟ್ಟು ಇಳಿದು ಬರುತ್ತಿದ್ದೇನೆ ಎಂದು ತಿಳಿಯಬೇಡಿ. ಆ ಔಷಧಿ ನಿಮ್ಮಲ್ಲಿ ಬಿಟ್ಟು ಇನ್ನೆಲ್ಲೂ ಸಿಗುವುದಿಲ್ಲ, ಅದಕ್ಕೇ ಬರುತ್ತಿದ್ದೇನೆ. ಅದು ಒಳ್ಳೆಯ ಔಷಧಿ. ನನ್ನ ಕಿವಿಯ ಕೆಳಗೆ ಕೈಯಿಟ್ಟಾಗಲೆಲ್ಲ ಅದನ್ನು ಒಪ್ಪಿಕೊಳ್ಳುತ್ತೇನೆ. ಅದನ್ನು ಕಂಡುಹಿಡಿದವರ ಮೇಲೆ ನನಗೆ ಸಿಟ್ಟಿಲ್ಲ. ಸಿಗುವುದಿಲ್ಲ ಎಂದು ಜುಲೈನಲ್ಲಿ ಗೊತ್ತಿದ್ದೂ, ಮೊದಲ ಟ್ಯೂಬು ನನಗೇ ಎಂದು ಅದೇ ಜುಲೈನಲ್ಲಿ ಮಾತು ಕೊಟ್ಟವರ ಮೇಲೆ ಸಿಟ್ಟಿದೆ. ಆಗ ನಿಜ ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ನಿಮಗೆ ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ.

ಪಾರ್ಲರ್ ಬಿಟ್ಟೆ. ಪೊರಕೆಯನ್ನು ಕಿಟಕಿಯ ಕುರ್ಚಿಗೆ ಒರಗಿಸಿಟ್ಟು ಬಂದೆ. ಕಾಯಿಲೆ ಬಿದ್ದವರ, ಮುದುಕಿಯರ ಮನೆಗಳಿಗೆ ಹೋಗಿ ಕೂದಲು ಕತ್ತರಿಸುತ್ತೇನೆ. ಅವರಲ್ಲಿ ಬಹಳ ಮಂದಿಗೆ ಕಣ್ಣು ಮಂಜು. ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನಿಮ್ಮ ಫೋನಿಗೆ ಮಾತ್ರ ಎದ್ದು ಕೂರುತ್ತಾಳೆ.

ನಿಮ್ಮ ಮನೆಯಲ್ಲಿ ಉಳಿಯುವುದಿಲ್ಲ. ಆಸ್ಪತ್ರೆಯ ಎದುರಿನ ಛತ್ರದಲ್ಲಿ ಹಾಸಿಗೆ ಸಿಗುತ್ತದಂತೆ, ಕಂಡಕ್ಟರಮ್ಮ ವಿಚಾರಿಸಿ ಹೇಳಿದರು. ಆಸ್ಪತ್ರೆಯ ಫಾರಮಿನಲ್ಲಿ ನಿಮಗೂ ನನಗೂ ಸಂಬಂಧ ಏನೆಂದು ಕೇಳಿದರೆ ಇಲ್ಲ ಎಂದು ಬರೆಸಿ. ಈ ಸಲ ದೊಡ್ಡ ಡಾಕ್ಟರಿಗೆ ನನ್ನ ಪರವಾಗಿ ಯಾರೂ ಮಾತು ಕೊಡುವುದು ಬೇಡ. ನಿಮ್ಮ ನಿಯಮಗಳನ್ನೆಲ್ಲ ಉಳಿದ ರೋಗಿಗಳಿಗೆ ಓದುವ ಹಾಗೆಯೇ ನನಗೂ ಓದಿ. ಅವರು ಆಡಿಸುವ ಹಾಗೆಯೇ ನಾನೂ ತಲೆಯಾಡಿಸುತ್ತೇನೆ. ಮನೆಗೆ ಹೋದ ಮೇಲೆ ಯಾವ ಬೆರಳಿನಿಂದ ಎಲ್ಲಿಗೆ ಹಚ್ಚಿದೆ ಎಂದು ಮಾತ್ರ ನನ್ನನ್ನು ಕೇಳಬೇಡಿ. ಆ ಕುರ್ಚಿಯ ವಿಷಯ ಬಿಟ್ಟರೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ, ನಿಮ್ಮ ಎದುರು ಅದನ್ನು ಕಲಿಯಲು ಇಷ್ಟವಿಲ್ಲ.

ಇಂತಿ,
ಚರ್ಮ ವಿಭಾಗದ ಒಬ್ಬ ಹಳೆಯ ರೋಗಿ